ಹಾಡಿಗೆ ಪುಟ ಎಷ್ಟು?

ಪ್ರಿಯರೇ, ನಮಸ್ಕಾರ.

ನಿಮ್ಮ ‘ಹೆಸರಿನಲ್ಲೇನಿದೆ?’ ಲೇಖನ ಬಂದು ಮೂರು ವಾರವಾಯಿತು. ಹಾಡು, ಆಲ್ಬಂ, ಪುಸ್ತಕ ಇವುಗಳಿಗೆ ಒಂದೇ ಹೆಸರಿರುವ ನಲವತ್ತೊಂದು ಉದಾಹರಣೆ ಕಲೆಹಾಕಿದ್ದೀರಿ. ಶ್ರಮ ಕಾಣುತ್ತದೆ, ಅಕ್ಷರ ಚೆನ್ನಾಗಿದೆ, ಕಾಗುಣಿತದ ತಪ್ಪು ಒಂದೂ ಇಲ್ಲ. ಬೇರೆ ದಿನವಾಗಿದ್ದರೆ ಇಷ್ಟು ಹೇಳಿ, ‘ಪ್ರಕಟಿಸಲಾಗುತ್ತಿಲ್ಲ, ವಿಷಾದವಿದೆ’ ಎಂದು ಬರೆದು ಮುಗಿಸುತ್ತಿದ್ದೆ. ಆದರೆ ಅದರ ಎರಡು ವಾಕ್ಯಗಳ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಮೊದಲನೆಯದು ಎರಡನೇ ಪುಟದಲ್ಲಿದೆ: “ಬೀಟಲ್ಸ್ ತಂಡದ ‘ನಾರ್ವೇಜಿಯನ್ ವುಡ್’ ಹಾಡಿನ ನಿಸರ್ಗ ಸೌಂದರ್ಯಕ್ಕೆ ಮಾರುಹೋದ ಜಪಾನಿನ ಹರುಕಿ ಮುರಕಾಮಿ 1987ರಲ್ಲಿ ಅದೇ ಹೆಸರಿನ ಕಾದಂಬರಿ ಬರೆದರು.”

ಹಾಡು ಕೇಳಿದ್ದೀರಾ? ಎರಡೇ ನಿಮಿಷದ್ದು. 1965ರ ‘ರಬ್ಬರ್ ಸೋಲ್’ ಆಲ್ಬಂನಲ್ಲಿದೆ. ತಂಡದ ಜಾರ್ಜ್ ಹ್ಯಾರಿಸನ್ ಸಿತಾರ್ ನುಡಿಸಿದ್ದಾನೆ, ಆ ಕುತೂಹಲಕ್ಕಾದರೂ ಒಮ್ಮೆ ಕೇಳಬೇಕಿತ್ತು. ಅದರಲ್ಲಿ ನಿಸರ್ಗ ಎಲ್ಲಿದೆ? ಒಬ್ಬ ಹುಡುಗ ಒಬ್ಬಳ ಕೋಣೆಗೆ ಹೋಗುತ್ತಾನೆ. ಎಲ್ಲಾದರೂ ಕೂತುಕೋ ಅನ್ನುತ್ತಾಳೆ, ನೋಡಿದರೆ ಕುರ್ಚಿಯೇ ಇಲ್ಲ. ಜಮಖಾನದ ಮೇಲೆ ಕೂತು ರಾತ್ರಿ ಎರಡರವರೆಗೆ ಮಾತು. ಆಮೇಲೆ ಅವನ ಪಾಲಿಗೆ ಬಂದದ್ದು ಸ್ನಾನದ ತೊಟ್ಟಿಯಲ್ಲಿ ನಿದ್ದೆ. ಬೆಳಗ್ಗೆ ಎದ್ದರೆ ಅವಳಿಲ್ಲ, ಇವನು ಬೆಂಕಿ ಹಚ್ಚುತ್ತಾನೆ. ಇಷ್ಟೇ ಕಥೆ. ಹಾಡಿನ ‘ವುಡ್’ ಕಾಡಲ್ಲ, ಆ ಕೋಣೆಯ ಹಲಗೆ. ಆಗ ಪರಿಚಯದವರೆಲ್ಲ ಮನೆಗೆ ಮರದ ಹಲಗೆ ಹೊಡೆಸುತ್ತಿದ್ದರು, ಅದು ನಿಜಕ್ಕೂ ಅಗ್ಗದ ಪೈನ್ ಮರ ಎಂದು ಅದೇ ತಂಡದ ಪಾಲ್ ಮೆಕಾರ್ಟ್ನಿಯೇ ಹೇಳಿಕೊಂಡಿದ್ದಾನೆ. ನೀವು ಆ ಹಲಗೆ ಗೋಡೆಯ ಮುಂದೆ ನಿಂತು ನಿಸರ್ಗ ಸೌಂದರ್ಯ ಸವಿದಿದ್ದೀರಿ.

ಇನ್ನು ‘ಅದೇ ಹೆಸರಿನ’ ಎಂಬ ಮಾತು. ಜಪಾನಿನಲ್ಲಿ ಆ ಹಾಡು ಓಡಾಡಿದ್ದು ‘ನೊರುವೇ ನೊ ಮೊರಿ’ ಎಂಬ ಹೆಸರಿನಲ್ಲಿ. ಮೊರಿ ಅಂದರೆ ಕಾಡು. ಅನುವಾದದಲ್ಲಿ ಹಲಗೆ ಹೋಗಿ ಕಾಡು ಬಂದುಬಿಟ್ಟಿತು, ಮುರಕಾಮಿ ಎತ್ತಿಕೊಂಡದ್ದು ಆ ಕಾಡನ್ನು. ಕಾದಂಬರಿಯಲ್ಲಿ ನವೋಕೊ ಎಂಬ ಹುಡುಗಿಗೆ ಅದು ಬಲು ಇಷ್ಟದ ಹಾಡು. ಅದನ್ನು ಕೇಳುವಾಗ ದಟ್ಟ ಕಾಡಿನಲ್ಲಿ, ಚಳಿಯಲ್ಲಿ, ಕತ್ತಲಲ್ಲಿ ಒಬ್ಬಳೇ ಅಲೆಯುತ್ತಿರುವಂತೆ ಅನ್ನಿಸುತ್ತದೆ ಎನ್ನುತ್ತಾಳೆ. ಆ ಹುಡುಗಿಯ ಗತಿ ಏನಾಯಿತೆಂದು ಕಾದಂಬರಿ ಓದಿದವರಿಗೆ ಗೊತ್ತು. ಅವಳ ಕಾಡು ಇರುವುದೇ ಒಂದು ತಪ್ಪು ಅನುವಾದದ ಮೇಲೆ. ಕಾದಂಬರಿ ಇಂಗ್ಲಿಷಿಗೆ ಹೋದಾಗ ಆ ‘ಮೊರಿ’ ಮತ್ತೆ ‘ವುಡ್’ ಆಯಿತು. ನಿಮಗೆ ಕಂಡದ್ದು ಈ ಕೊನೆಯ ರೂಪ ಮಾತ್ರ, ಅದಕ್ಕೇ ಎರಡೂ ಒಂದೇ ಅಂದುಕೊಂಡಿರಿ.

ಕನ್ನಡಕ್ಕೆ ತಂದರೆ ಏನಾಗುತ್ತದೆ ಎಂದು ಒಂದು ಮಧ್ಯಾಹ್ನವೆಲ್ಲ ಯೋಚಿಸಿದೆ (ನಿಮ್ಮಿಂದಾಗಿ ಆ ದಿನ ಸಂಪಾದಕೀಯ ತಡವಾಯಿತು). ಇಂಗ್ಲಿಷಿನ ಆ ಪದದಲ್ಲಿ ಹಲಗೆಯೂ ಇದೆ, ಕಾಡೂ ಇದೆ. ನಮ್ಮ ‘ಮರ’ದಲ್ಲಿ ನಿಂತದ್ದೂ ಇದೆ, ಕೊಯ್ದದ್ದೂ ಇದೆ. ಮರದ ನೆರಳು ಅನ್ನುತ್ತೇವೆ, ಮರದ ಬಾಗಿಲು ಅನ್ನುತ್ತೇವೆ. ‘ನಾರ್ವೆಯ ಮರ’ ಅಂದರೆ ಮುಕ್ಕಾಲು ಪಾಲು ದಕ್ಕುತ್ತದೆ, ಕಾಡೊಂದು ಕೈತಪ್ಪುತ್ತದೆ. ಇಂಥ ಜಾಗದಲ್ಲಿ ನೀವು ನಿಲ್ಲಬೇಕಿತ್ತು. ನೀವು ಮುಂದಿನ ಸಾಲಿನಲ್ಲಿ ಇನ್ನಾವುದೋ ಆಲ್ಬಂಗೆ ಹಾರಿದ್ದೀರಿ.

‘ಅದೇ ಹೆಸರಿನ’ ಎಂಬುದು ನಿಮ್ಮ ಏಳು ಪುಟದಲ್ಲಿ ಮೂವತ್ತಮೂರು ಸಲ ಬಂದಿದೆ. ಒಂದೊಂದಕ್ಕೂ ಕೆಂಪು ಸುತ್ತು ಹಾಕಿ ವಾಪಸು ಕಳಿಸುತ್ತಿದ್ದೇನೆ.

ಎರಡನೆಯ ವಾಕ್ಯ: “ಟ್ಯಾಗೋರರು 1910ರಲ್ಲಿ ಬರೆದ ‘ಗೀತಾಂಜಲಿ’ಗೆ 1913ರಲ್ಲಿ ನೊಬೆಲ್ ಬಂತು, 1989ರಲ್ಲಿ ಅದೇ ಹೆಸರಿನ ತೆಲುಗು ಚಿತ್ರ ಬಂತು.”

ಸಿನಿಮಾ ಬಿಡಿ, ಅಲ್ಲಿ ಅದು ನಾಯಕಿಯ ಹೆಸರು. ವಾಕ್ಯದ ಮೊದಲರ್ಧ ನೋಡಿ. 1910ರದ್ದು ಬಂಗಾಳಿ ಪುಸ್ತಕ, 157 ಪದ್ಯಗಳು, ಅವುಗಳಲ್ಲಿ ಎಷ್ಟೋ ಹಾಡಲೆಂದೇ ಕಟ್ಟಿದವು. ನೊಬೆಲ್ ಸಮಿತಿಯವರು ಮುಖ್ಯವಾಗಿ ಓದಿದ್ದು 1912ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಇಂಗ್ಲಿಷ್ ‘ಗೀತಾಂಜಲಿ’ಯನ್ನು. ಅದರಲ್ಲಿರುವುದು 103. ಆ 103ರಲ್ಲಿ ಬಂಗಾಳಿ ‘ಗೀತಾಂಜಲಿ’ಯಿಂದ ಬಂದದ್ದು ಹೆಚ್ಚುಕಡಿಮೆ ಅರ್ಧ. ಮಿಕ್ಕವು ಅವರ ಬೇರೆ ಸಂಕಲನಗಳವು: ‘ನೈವೇದ್ಯ’ದವು, ‘ಖೇಯಾ’ದವು, ಆಮೇಲೆ ಪುಸ್ತಕವಾದ ‘ಗೀತಿಮಾಲ್ಯ’ದವು, ಇನ್ನೂ ಬೇರೆ ಕಡೆಯವು. ಬಂಗಾಳಿಯಲ್ಲಿ ಛಂದಸ್ಸು, ಪ್ರಾಸ, ರಾಗ. ಇಂಗ್ಲಿಷಿನಲ್ಲಿ ಕವಿಯೇ ಮಾಡಿದ ಗದ್ಯ. ಕವಿ ಒಬ್ಬರೇ, ಹೆಸರು ಒಂದೇ, ಪುಸ್ತಕ ಎರಡು. ನಿಮ್ಮ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವುದಿದೆ ಹೇಳಿ. ಕೈಯಲ್ಲೇ ಇತ್ತು, ನೀವು ಎರಡನ್ನೂ ಕೂಡಿಸಿ ಒಂದು ಮಾಡಿದ್ದೀರಿ.

ಸಿಟ್ಟು ಇಷ್ಟೊಂದು ಯಾಕೆಂದರೆ, ಇದೇ ತಪ್ಪನ್ನು ನಾನೂ ಮಾಡಿದವನು. ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದಲು ಸೇರಿ ಮೂರು ತಿಂಗಳಾಗಿತ್ತು. ರಾಜ್ಯೋತ್ಸವ ಸಂಚಿಕೆಯ ಒಂದು ಮೂಲೆಯಲ್ಲಿ ನಾಲ್ಕು ಸಾಲಿನ ಜಾಗ ಉಳಿಯಿತು. ತುಂಬಿಸು ಅಂದರು. ಮೊದಲ ಸಲ ನನ್ನ ಸ್ವಂತ ವಾಕ್ಯ ಅಚ್ಚಾಗುವ ಸಂಭ್ರಮದಲ್ಲಿ ಬರೆದೆ: “ನಿಸಾರ್ ಅಹಮದರ ‘ನಿತ್ಯೋತ್ಸವ’ ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ಮನೆಮಾತಾದ ಸಂಕಲನ.”

ಸಂಪಾದಕರು ಕರೆಸಿದರು. ಮೇಜಿನ ಮೇಲೆ ನನ್ನ ಗ್ಯಾಲಿ (ಅಚ್ಚಿನ ಕರಡು), ಅದರ ಮೇಲೆ ಅವರ ನಶ್ಯದ ಡಬ್ಬಿ.

“ಇದು ಯಾವ ನಿತ್ಯೋತ್ಸವ?”

“ಹಾಡು, ಸಾರ್.”

“ಹಾಡಿಗೆ ಪುಟ ಎಷ್ಟು?”

ನಾನು ಸುಮ್ಮನೆ ನಿಂತೆ. ಅವರು ಬೆರಳು ಮಡಚುತ್ತಾ ಎಣಿಸಿದರು. ಕವಿತೆ ಒಂದು. 1976ರ ಕವನಸಂಕಲನ ಒಂದು. 1978ರಲ್ಲಿ ಬಂದ ಕ್ಯಾಸೆಟ್ ಒಂದು, ಅದೂ ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್. “ಮೂರು ಜನಕ್ಕೆ ಒಂದೇ ಹಾರ ಹಾಕಿದ್ದೀಯಲ್ಲೋ. ಹೋಗು, ಮೂರನ್ನೂ ಕಣ್ಣಾರೆ ನೋಡಿ ಬಾ.”

ಸಂಜೆ ಕ್ಯಾಸೆಟ್ ಅಂಗಡಿಗೆ ಹೋದೆ. ಕೊಳ್ಳಲು ದುಡ್ಡಿರಲಿಲ್ಲ. ಡಬ್ಬಿ ತೆಗೆಸಿ, ಒಳಗಿನ ಕಾರ್ಡಿನಲ್ಲಿದ್ದದ್ದನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಾ ನಿಂತಿದ್ದೆ. ಅಷ್ಟರಲ್ಲಿ ಒಬ್ಬರು ಹೆಂಗಸು ಬಂದು, “ಜೋಗದ ಸಿರಿ ಕ್ಯಾಸೆಟ್ ಇದೆಯಾ?” ಅಂದರು. ಅಂಗಡಿಯವನು ನನ್ನ ಕೈಯಲ್ಲಿದ್ದದ್ದನ್ನೇ ಕಿತ್ತುಕೊಂಡು ಅವರಿಗೆ ಕೊಟ್ಟ. ಒಂದು ಹೆಸರಿಗೆ ಮೂರು ಸರಕು ಎಂದು ಬೆಳಗ್ಗೆ ತಾನೇ ಕಲಿತಿದ್ದೆ, ಸಂಜೆಯೊಳಗೆ ಅದಕ್ಕೆ ಇನ್ನೊಂದು ಹೆಸರೂ ಇದೆ ಎಂದಾಯಿತು. ನಮ್ಮ ಜನ ಹಾಡನ್ನು ಕರೆಯುವುದು ಮೊದಲ ಸಾಲಿನಿಂದ. ದಾಸರ ಪದಕ್ಕೆ ಶೀರ್ಷಿಕೆ ಎಲ್ಲಿದೆ, ಪಲ್ಲವಿಯೇ ಹೆಸರು. ನಿಮ್ಮ ನಲವತ್ತೊಂದರಲ್ಲಿ ಕನ್ನಡದ್ದು ಎರಡೇ ಇರುವುದಕ್ಕೆ ಇದೂ ಒಂದು ಕಾರಣವೋ ಏನೋ. ಅದನ್ನು ನೀವೇ ಯೋಚಿಸಿ ಬರೆಯಬಹುದಿತ್ತು.

ಉಳಿದ ಮೂವತ್ತೊಂಬತ್ತು ಉದಾಹರಣೆಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ, ತೆಗೆದುಬಿಡಿ. ನಾರ್ವೆಯ ಹಲಗೆ, ಟ್ಯಾಗೋರರ ಎರಡು ಪುಸ್ತಕ, ಇವೆರಡನ್ನೇ ಇಟ್ಟುಕೊಂಡು ಮತ್ತೆ ಬರೆಯಿರಿ. ಹಾಡನ್ನು ಮೊದಲು ಕೇಳಿ, ಆಮೇಲೆ ಪೆನ್ನು ಹಿಡಿಯಿರಿ. ನಾಲ್ಕು ಪುಟ ಸಾಕು, ಯುಗಾದಿಯೊಳಗೆ ಬಂದರೆ ನೋಡುತ್ತೇನೆ.

ಹಾಗೆಯೇ ಶೀರ್ಷಿಕೆ ಬದಲಿಸಿ. ‘ಹೆಸರಿನಲ್ಲೇನಿದೆ?’ ಎಂಬ ಲೇಖನ ನಮ್ಮ ಹಳೆಯ ಸಂಚಿಕೆಗಳಲ್ಲಿ ಆಗಲೇ ಮೂರಿವೆ. ಒಂದು ನನ್ನದೇ.

ಇತಿ,
ಸಂಪಾದಕ