ಬೆಳ್ಳಿಗೆ ಮಿಲಿಗ್ರಾಂ, ಮಜೂರಿಗೆ ‘ಸುಮಾರು’

ಡೊಂಬಿವಲಿಯ ಓದುಗರೊಬ್ಬರು ಕಳುಹಿಸಿದ ಆರು ಪುಟಗಳ ಪತ್ರವು ಈ ವಾರವಿಡೀ ನನ್ನ ಮೇಜಿನ ಮೇಲಿತ್ತು. ಮೊದಲ ಓದಿಗೆ ಮರುಕ ಹುಟ್ಟಿತು. ಮತ್ತೊಮ್ಮೆ ಓದಿದಾಗ ಸಿಟ್ಟು ಬಂತು. ಆ ಸಿಟ್ಟು ಪತ್ರದಲ್ಲಿ ಕಳ್ಳನೆಂದು ಕರೆಸಿಕೊಂಡವರ ಮೇಲಲ್ಲ ಎಂಬುದನ್ನು ಆರಂಭದಲ್ಲಿಯೇ ಹೇಳಿಬಿಡುತ್ತೇನೆ.

ಪತ್ರದ ಸಾರಾಂಶ ಇಷ್ಟು. ಲೇಖಕಿಗೆ ಮೂವತ್ತೆಂಟು ವರ್ಷ; ಆರು ವರ್ಷಗಳ ಹಿಂದೆ ನೌಕರಿ ಬಿಟ್ಟು ಬೆಳ್ಳಿಯ ಆಭರಣಗಳ ವಿನ್ಯಾಸಕ್ಕೆ ಇಳಿದವರು. ನಮ್ಮ ಅಜ್ಜಿಯರು ಕಿವಿಯ ಮೇಲಂಚಿನಲ್ಲಿ ಧರಿಸುತ್ತಿದ್ದ ಬುಗುಡಿಯನ್ನು, ಕಿವಿ ಚುಚ್ಚಿಸಿಕೊಳ್ಳದವರೂ ಒತ್ತಿ ಹಾಕಿಕೊಳ್ಳುವಂತೆ ರೂಪಿಸಿದ್ದು ಇವರಿಗೆ ಹೆಸರು ತಂದಿದೆ. ಇದುವರೆಗೆ ಮುನ್ನೂರಕ್ಕೂ ಹೆಚ್ಚು ಜೊತೆ ಮಾರಾಟವಾಗಿದೆ. ಕೆಲಸ ಮಾಡಿಕೊಡುವವರು ಮುಂಬೈಯ ಚಿನ್ನ ಬೆಳ್ಳಿಯ ಪೇಟೆಯಾದ ಝವೇರಿ ಬಜಾರಿನ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಕುಳಿತುಕೊಳ್ಳುವ ಪಶ್ಚಿಮ ಬಂಗಾಳದ ಒಬ್ಬ ಕಾರೀಗರರು. ದೀಪಾವಳಿಯ ಹಿಂದಿನ ವಾರ ಮಾಟುಂಗದಲ್ಲಿ ನಡೆದ ಪ್ರದರ್ಶನದಲ್ಲಿ, ಬೇರೊಬ್ಬರ ಮೇಜಿನ ಮೇಲೆ ಇವರ ಬುಗುಡಿಯೇ ಕಡಿಮೆ ಬೆಲೆಗೆ ಮಾರಾಟಕ್ಕಿತ್ತು. ಕೆಂಪು ಕಲ್ಲಿನ ಸುತ್ತ ಮುತ್ತು ಕೂರಿಸುವ ಏಳು ಬಟ್ಟಲುಗಳಲ್ಲಿ ಎಡಗಡೆಯ ಕೆಳಗಿನದು ತುಸು ಚಪ್ಪಟೆಯಾಗಿತ್ತು. ಮೊದಲ ಮೇಣದ ಮಾದರಿಯನ್ನು ತಿದ್ದುವಾಗ ತಾಗಿದ ಇವರ ಹೆಬ್ಬೆರಳಿನ ಉಗುರಿನ ಗುರುತು ಅದು. ಅಂದಮೇಲೆ ನೋಡಿ ನಕಲು ಮಾಡಿದ್ದಲ್ಲ, ಇವರ ಡೈಯಿಂದಲೇ, ಅಂದರೆ ಇವರ ರಬ್ಬರ್ ಅಚ್ಚಿನಿಂದಲೇ, ಇಳಿಸಿದ್ದು. ಪೊಲೀಸರಿಗೆ ದೂರು ಕೊಡಲೇ, ಕಾರೀಗರರನ್ನು ಬದಲಾಯಿಸಲೇ, ಅಥವಾ ಪತಿ ಹೇಳುವಂತೆ ಎಲ್ಲವನ್ನೂ ಮುಚ್ಚಿ ನೌಕರಿಗೆ ಮರಳಲೇ ಎಂಬುದು ಇವರ ಪ್ರಶ್ನೆ.

ಅಮ್ಮಾ, ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ತಾನು ಹೆತ್ತ ಮಗು ಬೇರೆಯವರ ಮನೆಯ ಅಂಗಳದಲ್ಲಿ ಆಡುತ್ತಿರುವುದನ್ನು ಕಂಡಂತಾಯಿತು ಎಂದು ಬರೆದಿದ್ದೀರಿ. ಆದರೆ ನಿಮ್ಮ ಪತ್ರದ ನಾಲ್ಕನೆಯ ಪುಟದಲ್ಲಿ, ಮಳೆಯಿಂದ ಲೋಕಲ್ ರೈಲು ನಿಂತ ಪ್ರಸಂಗಕ್ಕೂ ಹಬ್ಬದ ಪೂಜೆಯ ವಿವರಕ್ಕೂ ನಡುವೆ, ಒಂದು ವಾಕ್ಯವಿದೆ: ‘ಶ್ರಾವಣದಿಂದ ಈಚೆಗೆ ಅವರ ಮಜೂರಿ ಸ್ವಲ್ಪ ಬಾಕಿ ಉಳಿದಿದೆ, ಸುಮಾರು ಅರವತ್ತೆರಡು ಸಾವಿರ ಇರಬಹುದು.’ ಅದಾದ ಕೂಡಲೇ ನೀವು ಪೂಜೆಗೆ ಹೋಗಿಬಿಟ್ಟಿದ್ದೀರಿ. ನಾನು ಅಲ್ಲಿಯೇ ನಿಂತೆ.

ನೀವು ಲೆಕ್ಕ ಬರೆಯಲು ಬಾರದವರಲ್ಲ. ಕಾರೀಗರರ ಪ್ರಾಮಾಣಿಕತೆಯ ಬಗ್ಗೆ ಮೊದಲಿನಿಂದಲೂ ಎಚ್ಚರವಿತ್ತೆಂದು ತೋರಿಸಲು ನಿಮ್ಮ ಪುಸ್ತಕದ ಒಂದು ಪುಟದ ಚಿತ್ರವನ್ನು ಪತ್ರದ ಜೊತೆಗಿಟ್ಟಿದ್ದೀರಿ. ಕೊಟ್ಟ ಬೆಳ್ಳಿ 412.350 ಗ್ರಾಂ, ಮರಳಿ ಬಂದ ಆಭರಣ 381.720, ಚೂರು ಮತ್ತು ಅರದ ಪುಡಿ 22.410, ಸವಕಳಿ 8.220. ಕೂಡಿ ನೋಡಿದೆ, ಸರಿಯಾಗಿದೆ. ಬೆಳ್ಳಿಯನ್ನು ಮಿಲಿಗ್ರಾಂವರೆಗೆ ಬರೆದಿಟ್ಟ ಕೈ ಮಜೂರಿಯ ಬಳಿಗೆ ಬಂದಾಗ ‘ಸುಮಾರು’ ಎಂದು ಬರೆಯುತ್ತದೆ, ‘ಇರಬಹುದು’ ಎನ್ನುತ್ತದೆ. ಅಂಗಡಿಯ ಮುಂದಿನ ಧೂಳನ್ನು ಗುಡಿಸಿ, ತೊಳೆದು, ಅದರೊಳಗಿನ ಚಿನ್ನದ ಕಣಗಳಿಂದ ಹೊಟ್ಟೆ ಹೊರೆಯುವವರಿರುವ ಬಜಾರು ಅದು. ಅಲ್ಲಿ ಧೂಳಿಗೂ ಲೆಕ್ಕವಿರುವಾಗ ನಾಲ್ಕು ತಿಂಗಳ ದುಡಿಮೆಗೆ ಇರಲಿಲ್ಲ.

ಈಗ ನೀವೇ ಕೊಟ್ಟ ತಿಂಗಳುಗಳನ್ನು ಜೋಡಿಸಿ ನೋಡಿ. ಬಾಕಿ ಶುರುವಾದದ್ದು ಶ್ರಾವಣದಲ್ಲಿ. ಆಶ್ವಯುಜದಲ್ಲಿ ದುರ್ಗಾಪೂಜೆ. ಬಂಗಾಳದ ಕುಶಲಕರ್ಮಿಗಳು ಊರಿಗೆ ಹೋಗುವುದು, ಮಕ್ಕಳಿಗೆ ಹೊಸ ಬಟ್ಟೆ ಒಯ್ಯುವುದು, ವರ್ಷದ ಸಾಲ ತೀರಿಸುವುದು ಆಗಲೇ. ನಿಮ್ಮ ಕಾರೀಗರರೂ ಹೋಗಿ ಬಂದರೆಂದು ನೀವೇ ಬರೆದಿದ್ದೀರಿ. ಯಾವ ಹಣದಿಂದ ಹೋದರು ಎಂದು ನೀವು ಕೇಳಿದಂತಿಲ್ಲ. ನಿಮ್ಮ ಡೈಯಿಂದ ಬೇರೆಯವರಿಗೆ ಮಾಲು ಇಳಿಸಿಕೊಟ್ಟದ್ದು ತಪ್ಪು. ಅದನ್ನು ಸರಿಯೆಂದು ನಾನು ಹೇಳುವುದಿಲ್ಲ. ಆದರೆ ಪ್ರದರ್ಶನದ ಮರುದಿನ ನೀವು ಮೂರು ಮಹಡಿ ಹತ್ತಿ ಹೋಗಿ ಕೂಗಾಡಿದಾಗ ಅವರು ಹೇಳಿದ್ದು ಒಂದೇ ಮಾತು: ‘ದೀದಿ, ಮೊದಲು ಲೆಕ್ಕ ಮಾಡೋಣ.’ ಅದನ್ನು ನೀವು ಉದ್ಧಟತನವೆಂದು ತಿಳಿದಿರಿ. ನನಗೆ ಅದು ಇಡೀ ಪತ್ರದ ಅತ್ಯಂತ ಮರ್ಯಾದೆಯ ಮಾತಾಗಿ ಕಂಡಿತು.

ಬಾಕಿ ಯಾಕೆ ಉಳಿಯಿತು ಎಂಬುದಕ್ಕೆ ಉತ್ತರವೂ ಪತ್ರದಲ್ಲಿದೆ, ಅದೂ ಇನ್ನೊಂದು ಮೂಲೆಯಲ್ಲಿ. ಮುಲುಂಡಿನ ನಿಮ್ಮ ಓರಗಿತ್ತಿ ವರಮಹಾಲಕ್ಷ್ಮಿಯ ಬಾಗಿನಕ್ಕೆಂದು ಗೆಳತಿಯರಿಗಾಗಿ ಹತ್ತೊಂಬತ್ತು ಜೊತೆ ತೆಗೆದುಕೊಂಡರು. ಮನೆಯವರ ದರ ಹಾಕಿಸಿಕೊಂಡರು. ಹಣವನ್ನು ದೀಪಾವಳಿಗೆ ಕೊಡುತ್ತೇನೆಂದರು. ದೀಪಾವಳಿ ಕಳೆಯಿತು. ಅದೇ ಮಹಾತಾಯಿ ಈಗ ‘ಅಂಥ ಜನರನ್ನು ನಂಬಲೇಬಾರದಿತ್ತು’ ಎಂದು ನಿಮಗೆ ಬುದ್ಧಿ ಹೇಳುತ್ತಿದ್ದಾರೆ! ಈ ಅಂಕಣದ ಹಳೆಯ ಓದುಗರಿಗೆ ನನ್ನ ಈ ಹಟ ಗೊತ್ತಿದೆ: ಸಣ್ಣ ವ್ಯಾಪಾರವನ್ನು ಮುಳುಗಿಸುವವರು ಎದುರಾಳಿಗಳಲ್ಲ, ಉದ್ರಿ ಕೇಳುವ ನೆಂಟರು. ನಮ್ಮವರು ಮುಂಬೈಗೆ ಬಂದು ಹೋಟೆಲು ತೆರೆದಾಗ ಗಲ್ಲಾದ ಹಿಂದೆ ದೇವರ ಪಟದ ಪಕ್ಕದಲ್ಲಿ ‘ಇಂದು ನಗದು, ನಾಳೆ ಉದ್ರಿ’ ಎಂಬ ಹಲಗೆ ತೂಗುಹಾಕುತ್ತಿದ್ದರು. ಆ ಹಲಗೆ ಅಪರಿಚಿತ ಗಿರಾಕಿಗಾಗಿ ಎಂದು ನಾನು ಬಹಳ ಕಾಲ ನಂಬಿದ್ದೆ. ಅದು ಭಾವಮೈದುನರಿಗಾಗಿ ಎಂದು ಒಬ್ಬ ಹಿರಿಯ ಮಾಲೀಕರು ನಗುತ್ತಾ ತಿಳಿಸಿದರು.

ನಿಮ್ಮ ಓರಗಿತ್ತಿಗೆ ಕೊಟ್ಟ ಉದ್ರಿ ಬರಿಯ ರೂಪಾಯಿಯದಲ್ಲ ಎಂಬುದನ್ನೂ ಗಮನಿಸಿ. 2025ರಲ್ಲಿ ಬೆಳ್ಳಿಯ ದರ ಕಿಲೋಗೆ ಒಂದು ಲಕ್ಷ ದಾಟಿ, ವರ್ಷ ಮುಗಿಯುವುದರೊಳಗೆ ಎರಡು ಲಕ್ಷವನ್ನೂ ದಾಟಿತು. ಏರುವ ಪೇಟೆಯಲ್ಲಿ ಹಳೆಯ ದರದ ಉದ್ರಿ ಎಂದರೆ, ಹಣ ಪೂರ್ತಿ ಕೈಸೇರಿದ ದಿನವೂ ಅಷ್ಟೇ ತೂಕದ ಬೆಳ್ಳಿಯನ್ನು ಮತ್ತೆ ಕೊಳ್ಳಲಾಗದ ವ್ಯವಹಾರ.

ಪೊಲೀಸರ ಬಗ್ಗೆ ಮತ್ತು ಕಾನೂನಿನ ಬಗ್ಗೆ ಕೇಳಿದ್ದೀರಿ. 2000ದ ವಿನ್ಯಾಸ ಕಾಯ್ದೆಯಲ್ಲಿ ರಕ್ಷಣೆ ಸಿಗುವುದು ನೋಂದಣಿಯಾದ ವಿನ್ಯಾಸಕ್ಕೆ. ಅರ್ಜಿ ಹಾಕುವ ಮೊದಲೇ ಅದನ್ನು ಜನರಿಗೆ ತೋರಿಸಿ ಮಾರಿದ್ದರೆ ಹೊಸತನ ಹೋಯಿತು. ನೋಂದಾಯಿಸಿದರೆ ಹತ್ತು ವರ್ಷ, ವಿಸ್ತರಿಸಿಕೊಂಡರೆ ಇನ್ನೈದು ವರ್ಷ ಅದು ನಿಮ್ಮದು. ಇನ್ನು 1957ರ ಕೃತಿಸ್ವಾಮ್ಯ ಕಾಯ್ದೆಯ 15ನೆಯ ಕಲಮಿನ ಪ್ರಕಾರ, ನೋಂದಾಯಿಸಬಹುದಾಗಿದ್ದ ವಿನ್ಯಾಸವನ್ನು ನೋಂದಾಯಿಸದೆ, ಔದ್ಯಮಿಕ ವಿಧಾನದಲ್ಲಿ ಐವತ್ತಕ್ಕಿಂತ ಹೆಚ್ಚು ಪ್ರತಿ ತೆಗೆದರೆ ಕೃತಿಸ್ವಾಮ್ಯವೂ ಮುಗಿಯುತ್ತದೆ. ನೀವು ಮುನ್ನೂರು ಜೊತೆ ಮಾರಿದ್ದೀರಿ. ಹಾಲ್‌ಮಾರ್ಕ್ ಹಾಕಿಸಿದ್ದರೆ ಈ ಕಳ್ಳತನ ತಪ್ಪುತ್ತಿತ್ತೇ ಎಂದೂ ಕೇಳಿದ್ದೀರಿ, ಇಲ್ಲ. 925 ಎಂಬ ಗುರುತು ಸಾವಿರ ಭಾಗದಲ್ಲಿ ಬೆಳ್ಳಿ ಎಷ್ಟು ಭಾಗವಿದೆ ಎಂದು ಹೇಳುತ್ತದೆಯೇ ಹೊರತು ಕಲ್ಪನೆ ಯಾರದೆಂದು ಹೇಳುವುದಿಲ್ಲ. ಮುಂದಿನ ವಿನ್ಯಾಸವನ್ನು, ಒಂದು ಚಿತ್ರವನ್ನೂ ಹೊರಗೆ ಬಿಡುವ ಮೊದಲು, ನೋಂದಾಯಿಸಿ. ಈ ಬುಗುಡಿಯ ಮಟ್ಟಿಗೆ ಆ ದಾರಿ ಮುಚ್ಚಿದೆ.

ನಿಮ್ಮ ನಿಜವಾದ ಹಿಡಿತ ಕಾಯ್ದೆಯಲ್ಲಿರಲಿಲ್ಲ, ಡೈಯಲ್ಲಿತ್ತು. ಮಾದರಿಯನ್ನು ರಬ್ಬರ್ ಹಾಳೆಗಳ ನಡುವೆ ಇಟ್ಟು, ಬಿಸಿಯಲ್ಲಿ ಒತ್ತಿ, ಬ್ಲೇಡಿನಿಂದ ಎರಡು ಹೋಳು ಮಾಡಿದ ಅಂಗೈಯಗಲದ ಆ ರಬ್ಬರ್ ತುಂಡಿಗೆ ಮೇಣ ಹೊಯ್ದಷ್ಟು ಸಲವೂ ನಿಮ್ಮ ಬುಗುಡಿ ಹುಟ್ಟುತ್ತದೆ, ಉಗುರಿನ ಗುರುತಿನ ಸಮೇತ. ಅಂಥ ಇಪ್ಪತ್ತೇಳು ಡೈಗಳನ್ನು ‘ಹೋಗಿ ಬರುವುದು ತೊಂದರೆ’ ಎಂದು ಆರು ವರ್ಷ ಅವರ ಕೋಣೆಯಲ್ಲಿ ಬಿಟ್ಟಿದ್ದೀರಿ. ಐದೂವರೆ ವರ್ಷ ಒಂದೂ ಅಲ್ಲಾಡಲಿಲ್ಲ ಎಂಬುದನ್ನು ಆ ಮನುಷ್ಯನ ಪರವಾಗಿ ಬರೆದುಕೊಳ್ಳಿ.

ಹಾಗಾಗಿ ನೀವು ಮಾಡಬೇಕಾದ ಕೆಲಸ ಒಂದೇ. ಏರುತ್ತಿದ್ದ ದರ ನೋಡಿ ಕಪಾಟಿನಲ್ಲಿಟ್ಟುಕೊಂಡಿರುವ ಒಂದು ಕಿಲೋ ಬೆಳ್ಳಿಯಲ್ಲಿ ಮೂರನೆಯ ಒಂದು ಭಾಗವನ್ನು ಈ ವಾರವೇ ಮಾರಿ. ಅರವತ್ತೆರಡು ಸಾವಿರಕ್ಕೆ ಅಷ್ಟು ಸಾಕು. ಹಣದ ಜೊತೆ ಒಂದು ಹೊಸ ನೋಟುಪುಸ್ತಕ ತೆಗೆದುಕೊಂಡು ಆ ಮೂರು ಮಹಡಿ ಹತ್ತಿ, ಅವರೆದುರು ಕುಳಿತು, ಒಂದೊಂದು ಜೊತೆಗೂ ಮಜೂರಿಯ ಲೆಕ್ಕ ಬರೆದು ಬಾಕಿ ಚುಕ್ತಾ ಮಾಡಿ. ‘ಸುಮಾರು’ ಅರವತ್ತೆರಡು ಅರವತ್ತೆಂಟಾದರೆ ಅರವತ್ತೆಂಟನ್ನೇ ಕೊಡಿ. ಅವರು ಹಣ ಎಣಿಸಿಕೊಂಡ ಮೇಲೆ ಡೈಗಳನ್ನು ಕೇಳಿ, ಅಲ್ಲಿಯವರೆಗೆ ಬುಗುಡಿಯ ಮಾತೆತ್ತಬೇಡಿ. ಇಪ್ಪತ್ತೇಳನ್ನೂ ಎಣಿಸಿ ಮನೆಗೆ ತನ್ನಿ. ಕೆಲಸವಿದ್ದಾಗ ಬೇಕಾದ ಡೈಯನ್ನಷ್ಟೇ ಒಯ್ಯಿರಿ, ಮಾಲಿನ ಜೊತೆಗೇ ವಾಪಸು ತನ್ನಿ. ಅವರೊಡನೆ ಮುಂದುವರಿಯಬೇಕೇ ಎಂಬುದು ಆ ಮಧ್ಯಾಹ್ನ ನಿಮಗೇ ತಿಳಿಯುತ್ತದೆ, ನಾನಾಗಿದ್ದರೆ ಮುಂದುವರಿಯುತ್ತಿದ್ದೆ.

ಮುಲುಂಡಿನ ಹತ್ತೊಂಬತ್ತು ಜೊತೆಗಳ ಹಣ ವಸೂಲು ಮಾಡಲು ಮಾತ್ರ ನೀವು ಹೋಗಬೇಡಿ. ಅಂಗಡಿ ಮುಚ್ಚು ಎನ್ನುವ ನಿಮ್ಮ ಪತಿಯನ್ನು ಕಳುಹಿಸಿ. ಅದು ಅವರ ಅಣ್ಣನ ಮನೆ ತಾನೇ.