ಮನೆಯಲ್ಲೇ ರೆಕಾರ್ಡ್ ಮಾಡಿದ ಹಾಡು: ಹಕ್ಕು ಯಾರದ್ದು?

ಪ್ರಶ್ನೆ: ಮನೆಯಲ್ಲೇ ಲ್ಯಾಪ್‌ಟಾಪು, ಮೈಕು ಇಟ್ಟುಕೊಂಡು ಐದು ಹಾಡು ರೆಕಾರ್ಡ್ ಮಾಡಿದ್ದೇನೆ. ರಾಗ ಹಾಕಿದ್ದು, ಹಾಡಿದ್ದು ನಾನೇ. ನಾಲ್ಕಕ್ಕೆ ಗೆಳೆಯನ ಸಾಹಿತ್ಯ, ಐದನೆಯದು ಶಿಶುನಾಳ ಶರೀಫರ ತತ್ವಪದ. ಯೂಟ್ಯೂಬ್‌ಗೆ ಹಾಕುವ ಮೊದಲು ಕಾಪಿರೈಟ್ ಮಾಡಿಸಲೇಬೇಕಾ? ಸಿಡಿಯನ್ನು ನನ್ನ ವಿಳಾಸಕ್ಕೇ ಅಂಚೆಯಲ್ಲಿ ಕಳಿಸಿ ಲಕೋಟೆ ಒಡೆಯದೆ ಇಟ್ಟರೆ ಸಾಕು ಅಂತ ಒಬ್ಬರು ಹೇಳಿದರು.
– ಓದುಗ, ಹಾವೇರಿ

ಉತ್ತರ: ಮಾಡಿಸಲೇಬೇಕು ಅಂತೇನಿಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಾಡು ರೆಕಾರ್ಡ್ ಆದಾಗಲೇ ಹಕ್ಕು ಹುಟ್ಟಿರುತ್ತದೆ. ಲಕೋಟೆಯ ಉಪಾಯ ಬಿಟ್ಟುಬಿಡಿ, ಕಾಯ್ದೆಯಲ್ಲಿ ಅದರ ಮಾತೇ ಇಲ್ಲ. ಅದರ ಬದಲು, ಹಾಡು ನಿಮ್ಮದೇ ಅನ್ನುವ ಪುರಾವೆಗೆ ಪ್ರಾಜೆಕ್ಟ್ ಫೈಲು (ಲ್ಯಾಪ್‌ಟಾಪಿನಲ್ಲಿ ಹಾಡು ಜೋಡಿಸಿದ ಫೈಲು), ದನಿ, ವಾದ್ಯಗಳ ಬಿಡಿ ಬಿಡಿ ಟ್ರ್ಯಾಕುಗಳು, ಮೊದಮೊದಲು ಗುನುಗಿಕೊಂಡ ಮೊಬೈಲ್ ರೆಕಾರ್ಡಿಂಗು ಇವನ್ನೆಲ್ಲ ಅಳಿಸದೆ ಎರಡು ಕಡೆ ಇಟ್ಟುಕೊಳ್ಳಿ. ಕದ್ದವರ ಹತ್ತಿರ ಇರುವುದು ಪೂರ್ತಿಯಾದ ಹಾಡು ಮಾತ್ರ, ಬಿಡಿ ಟ್ರ್ಯಾಕುಗಳನ್ನು ಅವರು ಎಲ್ಲಿಂದ ತಂದಾರು?

ನನಗೆ ಜಾಸ್ತಿ ಚಿಂತೆ ಇರುವುದು ಗೆಳೆಯನ ಸಾಹಿತ್ಯದ ಬಗ್ಗೆ. ಒಂದೇ ಹಾಡಿನಲ್ಲಿ ಕಾಯ್ದೆ ಮೂರು ಹಕ್ಕು ನೋಡುತ್ತದೆ: ಸಾಹಿತ್ಯ, ಸಂಗೀತ, ಧ್ವನಿಮುದ್ರಣ. ಕೊನೆಯ ಎರಡು ನಿಮ್ಮವು, ಸಾಹಿತ್ಯ ಅವರದ್ದೇ. 'ತಗೋ, ಹಾಡು' ಅಂತ ಬಾಯಲ್ಲಿ ಹೇಳಿದ್ದರೆ ಸಾಲದು, ಹಕ್ಕು ಬರೆದುಕೊಡುವುದಕ್ಕೆ ಕಾಗದ ಬೇಕು, ಸಹಿ ಬೇಕು. ಇಲ್ಲೊಂದು ತೊಡಕಿದೆ. ಕಾಗದದಲ್ಲಿ ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷ ಅಂತ ಹಿಡಿಯುತ್ತದೆ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಯೂಟ್ಯೂಬ್ ದುಬೈಯಲ್ಲೂ ಕೇಳಿಸುತ್ತೆ, ಅಲ್ವಾ? ಹಾಗಾಗಿ ಯಾವ ಹಾಡು, ಎಷ್ಟು ವರ್ಷ, ಯಾವ ಯಾವ ದೇಶ, ಬಂದ ದುಡ್ಡಿನಲ್ಲಿ ಅವರ ಪಾಲು ಎಷ್ಟು ಅನ್ನುವುದನ್ನು ಕನ್ನಡದಲ್ಲೇ ಬರೆದು ಇಬ್ಬರೂ ಸಹಿ ಹಾಕಿ. ಈಗಲೇ ಮಾಡಿ. ಹಾಡು ಓಡಿದ ಮೇಲೆ ಕೇಳಲು ನಿಮಗೆ ಸಂಕೋಚ, ಅವರಿಗೆ ಅನುಮಾನ.

ಶರೀಫರು ತೀರಿಕೊಂಡದ್ದು 1889ರಲ್ಲಿ. ಬರೆದವರು ಹೋದ ಮೇಲೆ ಹಕ್ಕು ಉಳಿಯುವುದು 60 ವರ್ಷ, ಆದ್ದರಿಂದ ಪದ ಯಾರು ಬೇಕಾದರೂ ಹಾಡಬಹುದು. ಧಾಟಿ ಮಾತ್ರ ನಿಜಕ್ಕೂ ನಿಮ್ಮದೇನಾ ಅಂತ ಇನ್ನೊಮ್ಮೆ ಕೇಳಿ ನೋಡಿ. ಕ್ಯಾಸೆಟ್ಟಿನಲ್ಲಿ ಕೇಳಿ ಕೇಳಿ ನಾಲಿಗೆಗೆ ಹತ್ತಿದ ಧಾಟಿಯಾದರೆ ಅದು ಬೇರೆಯವರ ಸ್ವತ್ತಾಗಿರಬಹುದು, ಆಗ ಅನುಮತಿ ಬೇಕು.

ಕಡ್ಡಾಯ ಅಲ್ಲದಿದ್ದರೂ ಕಾಪಿರೈಟ್ ನೋಂದಣಿಯಿಂದ ಪ್ರಯೋಜನ ಇದೆ. ಕೋರ್ಟಿಗೆ ಹೋದರೆ ನೋಂದಣಿ ಪತ್ರವನ್ನು ಮೇಲ್ನೋಟದ ಸಾಕ್ಷಿ ಅಂತ ಒಪ್ಪುತ್ತಾರೆ, ಸುಳ್ಳು ಅಂತ ತೋರಿಸುವ ಹೊರೆ ಎದುರಿನವರ ಮೇಲೆ ಬೀಳುತ್ತದೆ. ಆನ್‌ಲೈನಲ್ಲೇ ಅರ್ಜಿ ಹಾಕಬಹುದು. 2013ರ ನಿಯಮದಂತೆ ಸಂಗೀತಕ್ಕೆ 500 ರೂಪಾಯಿ, ಧ್ವನಿಮುದ್ರಣಕ್ಕೆ 2,000, ಅದೂ ಒಂದೊಂದು ಹಾಡಿಗೆ. ಐದಕ್ಕೂ ಸುಮ್ನೆ ಖರ್ಚು ಮಾಡಬೇಡಿ, ಹೆಚ್ಚು ಭರವಸೆ ಇರುವ ಒಂದೆರಡಕ್ಕೆ ಮಾಡಿಸಿ.

ಯಾರಾದರೂ ಹಾಡು ಎತ್ತಿ ತಮ್ಮ ಚಾನೆಲ್‌ಗೆ ಹಾಕಿಕೊಂಡರೆ ಯೂಟ್ಯೂಬ್‌ನಲ್ಲೇ ಕಾಪಿರೈಟ್ ದೂರು ಕೊಡಬಹುದು. ಅದಕ್ಕೆ ದುಡ್ಡು ಕೊಡಬೇಕಿಲ್ಲ, ನೋಂದಣಿ ಆಗಿರಲೇಬೇಕು ಅಂತಲೂ ಇಲ್ಲ. ದೂರು ಕೊಡುವ ಮೊದಲು ಆ ವಿಡಿಯೋದ ಲಿಂಕು, ತಾರೀಖು ಕಾಣುವ ಸ್ಕ್ರೀನ್‌ಶಾಟು ತೆಗೆದಿಟ್ಟುಕೊಳ್ಳಿ, ಅವರು ಅಳಿಸಿಬಿಟ್ಟರೆ ಆಮೇಲೆ ಸಿಗುವುದಿಲ್ಲ.