ವಾದ ಮಾಡುವ ಪ್ರಬಂಧಕ್ಕೆ ಗಟ್ಟಿ ಪ್ರಶ್ನೆ ಹುಡುಕುವುದು ಹೇಗೆ?

ವಿಷಯ ಸಿಕ್ಕಿದೆ, ಆದರೆ ಅದರಿಂದ ವಾದಕ್ಕೆ ನಿಲ್ಲುವಂಥ ಪ್ರಶ್ನೆ ಹುಟ್ಟುತ್ತಿಲ್ಲ ಅಂತ ಕೇಳಿದ್ದೀರಿ. ನಾನು ವಿದ್ಯಾರ್ಥಿಗಳ ಪ್ರಬಂಧ ತಿದ್ದುತ್ತೇನೆ. ಪ್ರಶ್ನೆ ಸಪ್ಪೆಯಾಗಿದ್ದರೆ ಎಷ್ಟು ಚೆನ್ನಾಗಿ ಬರೆದರೂ ಪ್ರಬಂಧ ಮೇಲೇಳುವುದಿಲ್ಲ. ಹಾಗಾಗಿ ಬರೆಯುವುದಕ್ಕಿಂತ ಜಾಸ್ತಿ ಹೊತ್ತು ಪ್ರಶ್ನೆಗೇ ಕೊಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ಪ್ರಶ್ನೆಯ ಕೆಳಗೆ ‘ಹೌದು, ಯಾಕೆಂದರೆ’ ಅಂತ ಒಂದು ಸಾಲು, ‘ಇಲ್ಲ, ಯಾಕೆಂದರೆ’ ಅಂತ ಇನ್ನೊಂದು ಸಾಲು ಶುರು ಮಾಡಿ. ತಿಳಿದವರು ತಲೆದೂಗುವ ಹಾಗೆ ಎರಡನ್ನೂ ಮುಗಿಸಲು ಆಯಿತೇ? ಆ ಪ್ರಶ್ನೆ ಇಟ್ಟುಕೊಳ್ಳಿ. ‘ಪರಿಸರ ಉಳಿಸಬೇಕೇ?’ ಅಂದರೆ ‘ಬೇಡ’ ಅನ್ನುವವರೇ ಸಿಗುವುದಿಲ್ಲ. ಆಮೇಲೆ ವಾದ ಯಾರ ಜೊತೆ, ಅಲ್ವಾ?

ಮತದಾನವನ್ನೇ ತೆಗೆದುಕೊಳ್ಳಿ. ‘ಮತದಾನದ ಮಹತ್ವವೇನು?’ ಅಂತ ಹೊರಟರೆ ಅದು ಸುಮ್ನೆ ವರದಿಯಾಗುತ್ತದೆ. ‘ಮತದಾನ ಕಡ್ಡಾಯ ಮಾಡಬೇಕೇ?’ ಅಂದ ಕೂಡಲೇ ಎರಡು ಬಣ ಎದ್ದವು. ಈಗ ಸ್ವಲ್ಪ ಓದಿ. ಆಸ್ಟ್ರೇಲಿಯಾ 1924ರಲ್ಲಿ ಕಡ್ಡಾಯ ಮಾಡಿತು. 1922ರ ಚುನಾವಣೆಯಲ್ಲಿ ಶೇ 60ರಷ್ಟು ಜನರೂ ಮತ ಹಾಕಿರಲಿಲ್ಲ. 1925ರಲ್ಲಿ ಅದು ಶೇ 90 ದಾಟಿತು. ಅಂದರೆ ‘ಕಡ್ಡಾಯ ಮಾಡಿದರೆ ಜನ ಬರುತ್ತಾರೆಯೇ?’ ಅನ್ನುವುದಕ್ಕೆ ಅಂಕಿ ಅಂಶವೇ ಉತ್ತರ ಕೊಟ್ಟಾಯಿತು. ಅಲ್ಲಿ ನಿಮಗೆ ಕೆಲಸವಿಲ್ಲ. ಆದರೆ ‘ಮತ ಹಾಕದವರಿಗೆ ದಂಡ ಹಾಕುವುದು ನ್ಯಾಯವೇ?’ ಅಂತ ಕೇಳಿ ನೋಡಿ. ಮತ ಹಾಕುವುದು ಹಕ್ಕೋ ಕರ್ತವ್ಯವೋ, ದಂಡಕ್ಕೆ ಹೆದರಿ ಒತ್ತಿದ ಮತಕ್ಕೆ ಬೆಲೆ ಎಷ್ಟು, ಬೇಕೆಂದೇ ದೂರ ಉಳಿಯುವವನ ಪ್ರತಿಭಟನೆ ಏನಾಗಬೇಕು, ಎಲ್ಲವೂ ಎದುರಿಗೆ ಬಂದು ನಿಲ್ಲುತ್ತವೆ. ಅದೇ ಅಂಕಿ ಅಂಶ ಈಗ ನಿಮ್ಮ ಪುರಾವೆಯಾಗುತ್ತದೆ. ನನಗೆ ಇಂಥ ಪ್ರಶ್ನೆಗಳೇ ಇಷ್ಟ. ಮಾಹಿತಿ ಪೂರ್ತಿ ಸಿಕ್ಕಿದ ಮೇಲೂ ಜಗಳ ಮುಗಿಯುವುದಿಲ್ಲ.

ಪ್ರಶ್ನೆಯೊಳಗೇ ತೀರ್ಪು ಅಡಗಿಸಬೇಡಿ. ‘ಮಕ್ಕಳನ್ನು ಹಾಳುಮಾಡುವ ಮೊಬೈಲನ್ನು ನಿಷೇಧಿಸಬಾರದೇ?’ ಅನ್ನುವಾಗ ಹಾಳುಮಾಡುತ್ತದೆ ಅಂತ ಮೊದಲೇ ನಿರ್ಧರಿಸಿಬಿಟ್ಟಿರಿ. ಯಾರಿಗೆ, ಎಲ್ಲಿ, ಯಾವ ಹೊತ್ತಿನಲ್ಲಿ ಅಂತ ಕಟ್ಟು ಹಾಕಿ: ‘15 ವರ್ಷದೊಳಗಿನವರಿಗೆ ಶಾಲೆಯ ಹೊತ್ತಿನಲ್ಲಿ ಮೊಬೈಲ್ ಬಳಕೆ ನಿಷೇಧಿಸಬೇಕೇ?’ ಫ್ರಾನ್ಸ್ 2018ರಲ್ಲೇ ಹೆಚ್ಚುಕಡಿಮೆ ಇಂಥದೇ ಕಾನೂನು ತಂದಿದೆ, ಹಾಗಾಗಿ ಓದಲು ಸಾಮಗ್ರಿಗೂ ಕೊರತೆಯಿಲ್ಲ.

‘ಇಲ್ಲ, ಯಾಕೆಂದರೆ’ ಸಾಲಿನಲ್ಲಿ ಪೆನ್ನು ನಿಂತರೆ ಪ್ರಶ್ನೆಯನ್ನು ತಕ್ಷಣ ಬಿಡಬೇಡಿ. ಆ ಕಡೆಯವರೇ ಬರೆದ ಒಂದೆರಡು ಲೇಖನ ಓದಿ. ಆಗಲೂ ಸಾಲು ಮುಂದೆ ಹೋಗದಿದ್ದರೆ ಬೇರೆ ಪ್ರಶ್ನೆ ಹುಡುಕಿ.